ನೀರಿಳಿದ ಮೇಲೆ ಹರಿಗೋಲು
(ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನಮ್ಮ ದೋಣಿಮಲೈ ಹೆಸರಿನಲ್ಲಿ ದೋಣಿಯಿದೆ, ಊರಲ್ಲಿರುವುದು ಮಾತ್ರ ಅದಿರಿನ ಗುಡ್ಡ. ದೋಣಿ ಹತ್ತಬೇಕೆಂದರೆ ನಾವು ಹಂಪಿಯ ಹೊಳೆಗೇ ಹೋಗಬೇಕು. ಮಳೆಗಾಲದಲ್ಲಿ ತುಂಗಭದ್ರಾ ಡ್ಯಾಮ್ ತುಂಬಿ ಗೇಟು ತೆರೆದರೆ ಹರಿಗೋಲುಗಳು ದಡದಲ್ಲಿ ಬೋರಲು ಮಲಗುತ್ತವೆ. ನೀರಿಳಿದ ಮೇಲೆ ಮತ್ತೆ ಹೊಳೆಗಿಳಿಯುತ್ತವೆ, ಅಂಬಿಗರ ಮನೆಯ ಒಲೆಯೂ ಚೆನ್ನಾಗಿ ಉರಿಯುತ್ತದೆ. ಆ ದಿನಗಳನ್ನು ಸ್ವಾಗತಿಸಲು ಎರಡು ಮಾತು.

1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿದ್ದ, ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುತ್ತಿದ್ದುದನ್ನು ಬರೆದಿದ್ದಾನೆ. ಇಂದಿಗೂ ಬಿದಿರಿನ ಹೆಣಿಗೆ ಅದೇ. ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ನಾವು ಬರೆಯುವ ಸಾಫ್ಟ್‌ವೇರ್ ಐದು ವರ್ಷ ಬಾಳಿದರೆ ದೊಡ್ಡದು. ಇದು ಐನೂರು ವರ್ಷ ಬಾಳಿದೆ!

ಹರಿಗೋಲಿಗೆ ಹಿಂದು ಮುಂದಿಲ್ಲ. ಹುಟ್ಟು ಹಿಡಿದವನ ಕೈಯೇ ಅದರ ದಿಕ್ಕು. ತಳ ಚಪ್ಪಟೆಯಾದ್ದರಿಂದ ಬಂಡೆಗಳ ನಡುವಿನ ಕಡಿಮೆ ನೀರಿನಲ್ಲೂ ಸಾಗುತ್ತದೆ. ಆದರೆ ಹೊಳೆಯನ್ನು ಹಗುರವಾಗಿ ಕಾಣಬಾರದು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿ ನೀರು ನುಗ್ಗಿದ್ದನ್ನು ನಾವೆಲ್ಲ ಬಲ್ಲೆವು.

ಮಕ್ಕಳೇ, ಲೈಫ್ ಜಾಕೆಟ್ ಇಲ್ಲದೆ ಹರಿಗೋಲು ಹತ್ತಬೇಡಿ. ಅಂಬಿಗಣ್ಣ "ಸಾಕು, ಇನ್ನು ಜಾಗವಿಲ್ಲ" ಅಂದರೆ ಹಟ ಮಾಡಬೇಡಿ. ಹೊಳೆಗೆ ನೀರು ಬಿಟ್ಟ ದಿನ ದಡದಲ್ಲೇ ನಿಂತು ನೋಡಿ. ಹಿರಿಯರೇ, ಬಾಡಿಗೆಗೆ ಚೌಕಾಸಿ ಮಾಡಿ ಇಬ್ಬರನ್ನು ಹೆಚ್ಚಿಗೆ ಕೂರಿಸಬೇಡಿ.

ಶಾಲೆಯ ಹಂಪಿ ಪ್ರವಾಸಕ್ಕೆಂದು ನಮ್ಮ ಬ್ಯಾಚಿನವರು ಮಕ್ಕಳ ಅಳತೆಯ ಲೈಫ್ ಜಾಕೆಟ್‌ಗಳನ್ನು ತಂದಿದ್ದೇವೆ. ಗುರುಗಳು ಸ್ವೀಕರಿಸಬೇಕು.