ನಡುವೆ ನಿಂತ ಸೈನಿಕರು



2010ರಲ್ಲಿ ನಮ್ಮ ಧಾರವಾಡ ಜಿಲ್ಲೆಯ ಅಣ್ಣಿಗೇರಿಯ ಚರಂಡಿಯೊಂದರಲ್ಲಿ ಮನುಷ್ಯರ ತಲೆಬುರುಡೆಗಳು ಸಿಕ್ಕಿದ್ದು ನಿಮಗೆಲ್ಲ ನೆನಪಿದೆ. ಒಂದಲ್ಲ ಎರಡಲ್ಲ, ನೂರಾರು, ಸಾಲಾಗಿ ಜೋಡಿಸಿಟ್ಟ ಹಾಗೆ. ಯಾವ ಕಾಲದವು, ಯುದ್ಧವೋ ಹತ್ಯಾಕಾಂಡವೋ ಎಂಬ ಚರ್ಚೆ ಬಹಳ ದಿನ ನಡೆಯಿತು. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ. ಕತ್ತಿ ಎತ್ತಿದವರಿಗೂ ಕೊರಳು ಒಡ್ಡಿದವರಿಗೂ ನಡುವೆ ನಿಲ್ಲುವವರು ಒಬ್ಬರೂ ಇರಲಿಲ್ಲವೇ? ಇದ್ದಿರಬಹುದು, ಆದರೆ ಅಂಥವರ ಕೈಯಲ್ಲಿ ಬಲ ಇರಲಿಲ್ಲ. ನಡುವೆ ನಿಲ್ಲುವುದನ್ನೇ ಸೈನ್ಯದ ಕೆಲಸ ಮಾಡಿದ್ದು ಇಪ್ಪತ್ತನೆಯ ಶತಮಾನ. ಆ ಕೆಲಸವನ್ನು ಜಗತ್ತಿಗೆ ಮಾಡಿ ತೋರಿಸಿದವರಲ್ಲಿ ಕರ್ನಾಟಕದ ನೆಲದಲ್ಲಿ ಹುಟ್ಟಿದವರು ಮೊದಲ ಸಾಲಿನಲ್ಲಿದ್ದರು. ಅವರ ಕಥೆಯನ್ನು ಇವತ್ತು ಹೇಳುತ್ತೇನೆ.

1950ರ ಜೂನ್ 25. ಕೊರಿಯಾದಲ್ಲಿ ಯುದ್ಧ ಶುರುವಾಯಿತು. ಆ ತಿಂಗಳು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಕುಳಿತಿದ್ದವರು ಮಂಗಳೂರಿನ ಬೆನಗಲ್ ನರಸಿಂಗರಾಯರು, ನಮ್ಮ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿದ್ದ ಬಿ. ಎನ್. ರಾವ್. ಆ ವರ್ಷದ ಕೊನೆಗೆ ಕದನವಿರಾಮದ ದಾರಿ ಹುಡುಕಲು ವಿಶ್ವಸಂಸ್ಥೆ ಮೂವರನ್ನು ನೇಮಿಸಿದಾಗ ಅವರಲ್ಲಿಯೂ ರಾಯರು ಒಬ್ಬರು. ಭಾರತ ಯುದ್ಧಕ್ಕೆ ಪಲ್ಟನ್ ಕಳಿಸಲಿಲ್ಲ, 60ನೇ ಪ್ಯಾರಾಶೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ತುಕಡಿಯನ್ನು ಕಳಿಸಿತು. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅದರ ಮುಖ್ಯಸ್ಥರು. 1951ರ ಮಾರ್ಚಿನಲ್ಲಿ ಅವರು ತಮ್ಮ ಕೆಲವು ಸಿಬ್ಬಂದಿಯೊಂದಿಗೆ ಅಮೆರಿಕದ ಸೈನಿಕರ ಜೊತೆ ವಿಮಾನದಿಂದ ಯುದ್ಧಭೂಮಿಗೆ ಧುಮುಕಿದರು, ಗಾಯಾಳುಗಳ ಆರೈಕೆಗಾಗಿ.

1953ರ ಜುಲೈ 27ರಂದು ಬಂದೂಕುಗಳು ನಿಂತವು. ಆದರೆ ಒಂದು ಗಂಟು ಉಳಿಯಿತು. ಅಮೆರಿಕದ ನೇತೃತ್ವದ ಪಡೆಯ ಕೈಯಲ್ಲಿದ್ದ 22,000ಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಯುದ್ಧಕೈದಿಗಳು ಊರಿಗೆ ಹೋಗುವುದಿಲ್ಲ ಎನ್ನುತ್ತಿದ್ದರು. ಅತ್ತ ಕಡೆ ಇದ್ದ 350ಕ್ಕೂ ಹೆಚ್ಚು ಕೈದಿಗಳದೂ ಅದೇ ಮಾತು. ಇವರನ್ನು ಕಾಯುವವರು ಯಾರು, ಅವರ ಮನಸ್ಸು ನಿಜಕ್ಕೂ ಏನೆಂದು ತಿಳಿಯುವವರು ಯಾರು? ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ, ನಡುವೆ ಅಧ್ಯಕ್ಷ ಸ್ಥಾನದಲ್ಲಿ ಭಾರತ. ಹೀಗೆ ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಅದರ ಅಧ್ಯಕ್ಷರಾಗಿ ಹೋದವರು ಮಡಿಕೇರಿಯಲ್ಲಿ ಹುಟ್ಟಿದ ಕೊಡವ ವೀರ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಕೈದಿಗಳನ್ನು ಕಾಯುವ ಸುಮಾರು 6,000 ಭಾರತೀಯ ಸೈನಿಕರ ಮುಖ್ಯಸ್ಥರಾಗಿ ಮೇಜರ್ ಜನರಲ್ ಎಸ್. ಪಿ. ಪಿ. ಥೋರಾತ್ ಹೋದರು. ಇಬ್ಬರೂ 1945ರಲ್ಲಿ ಬರ್ಮಾದ ಕಾಂಗಾ ಕಾಳಗದಲ್ಲಿ ಒಂದೇ ಬ್ರಿಗೇಡಿನಲ್ಲಿ ಹೋರಾಡಿದವರು.

ಭಾರತದ ಸೈನಿಕರು ತನ್ನ ನೆಲ ತುಳಿಯಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಡಗಿನಿಂದ ಇಳಿದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿ ನೇರವಾಗಿ ಗಡಿಯ ನಿಸ್ಸೇನಾ ವಲಯದಲ್ಲಿ ಇಳಿಸಬೇಕಾಯಿತು. ಸಹಾಯಕ್ಕೆ ಬಂದವರಿಗೆ ಸಿಕ್ಕ ಸ್ವಾಗತ ಇದು. ಎರಡು ಹೊಲಗಳ ನಡುವಿನ ಬದುವಿಗಾಗಿ ಅಣ್ಣತಮ್ಮಂದಿರು ಬಡಿದಾಡುವಾಗ ನಡುವೆ ಹೋದ ಹಿರಿಯನಿಗೆ ಎರಡೂ ಕಡೆಯಿಂದ ಬೈಗುಳ ಬೀಳುವುದು ನಮಗೆ ಗೊತ್ತಲ್ಲ, ತಿಮ್ಮಯ್ಯನವರಿಗೆ ಬಿದ್ದದ್ದೂ ಹಾಗೆಯೇ. ಆಯೋಗದ ನಾಲ್ವರು ಇಬ್ಬಿಬ್ಬರಾಗಿ ಒಡೆದರೆ ಅಧ್ಯಕ್ಷರ ಮತವೇ ತೀರ್ಮಾನ. ಯಾವ ಕಡೆ ಕೈ ಎತ್ತಿದರೂ ಇನ್ನೊಂದು ಕಡೆಯವರ ಪತ್ರಿಕೆಗಳು ಅವರ ಮೇಲೆ ಹರಿಹಾಯುತ್ತಿದ್ದವು.

ಶಿಬಿರದ ಒಳಗಿನ ಸ್ಥಿತಿ ಇನ್ನೂ ಕಷ್ಟದ್ದು. ಕೈದಿಗಳಲ್ಲೇ ಮುಖಂಡರಿದ್ದರು, ಊರಿಗೆ ಹೋಗುತ್ತೇನೆ ಎಂದವನನ್ನು ಹೊಡೆದು ಬಡಿದು ಸುಮ್ಮನಿರಿಸುತ್ತಿದ್ದರು. ಒಮ್ಮೆ ಕೈದಿಗಳು ಭಾರತೀಯ ಮೇಜರ್ ಒಬ್ಬರನ್ನೇ ಹಿಡಿದಿಟ್ಟುಕೊಂಡರು. ಬೇಲಿಯ ಹೊರಗೆ ಬಂದೂಕುಗಳು ಸಿದ್ಧವಿದ್ದವು. ಥೋರಾತರು ಆಯುಧವಿಲ್ಲದೆ ಒಳಗೆ ನಡೆದರು, ಆ ಗದ್ದಲದ ನಡುವೆ ನಿಂತು ಮಾತಾಡಿದರು, ತಮ್ಮ ಅಧಿಕಾರಿಯನ್ನು ಬಿಡಿಸಿಕೊಂಡು ಬಂದರು. ಯುದ್ಧದಲ್ಲಿ ಶತ್ರುವಿನ ಮೇಲೆ ನುಗ್ಗುವ ಧೈರ್ಯಕ್ಕಿಂತ ಈ ಧೈರ್ಯ ಒಂದು ಕೈ ಮೇಲು ಎಂದೇ ನಾನು ತಿಳಿಯುತ್ತೇನೆ. ಗುಂಡು ಹಾರಿಸಲೇಬೇಕಾದ ದಿನಗಳೂ ಬಂದವು, ಕೆಲವು ಕೈದಿಗಳು ಸತ್ತರು. ಅದನ್ನು ಮುಚ್ಚಿಡಬೇಕಿಲ್ಲ.

ಊರಿಗೆ ಮರಳಿರೆಂದು ಕೈದಿಗಳಿಗೆ ಅವರವರ ಕಡೆಯವರು ತಿಳಿಹೇಳುವ ಕೆಲಸ ತೊಂಬತ್ತು ದಿನ ನಡೆಯಬೇಕಿತ್ತು, ಕೆಲವೇ ದಿನ ನಡೆದು ನಿಂತಿತು. ಕೈದಿಗಳನ್ನು ಎಳೆದು ತಂದು ಕೇಳಿಸಬೇಕು ಎಂಬ ಒತ್ತಾಯವಿತ್ತು. ಬಲ ಬಳಸಿದರೆ ಹೆಣಗಳು ಉರುಳುತ್ತವೆ ಎಂದು ತಿಮ್ಮಯ್ಯನವರಿಗೆ ಗೊತ್ತಿತ್ತು, ಬಳಸಲಿಲ್ಲ. 1954ರ ಜನವರಿಯಲ್ಲಿ ಕೈದಿಗಳನ್ನು ಮೊದಲು ಹಿಡಿದಿದ್ದವರ ವಶಕ್ಕೇ ಮರಳಿಸಿದರು. ಎರಡೂ ಕಡೆಯವರಿಗೂ ಇದು ಒಪ್ಪಿಗೆಯಾಗಲಿಲ್ಲ. ಎರಡೂ ಕಡೆಗೆ ಹೋಗಲೊಲ್ಲದ 88 ಜನ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ಅವರಲ್ಲಿ ಹಲವರು ಮುಂದೆ ದಕ್ಷಿಣ ಅಮೆರಿಕಕ್ಕೆ ಹೋಗಿ ನೆಲೆಸಿದರು.

ವಿಶ್ವಸಂಸ್ಥೆಯ ಶಾಂತಿಪಾಲಕರ ಗುರುತಾದ ನೀಲಿ ಶಿರಸ್ತ್ರಾಣ ಬಂದದ್ದು ಇದಾದ ಮೇಲೆ, 1956ರ ಸೂಯೆಜ್ ಬಿಕ್ಕಟ್ಟಿನಲ್ಲಿ. ಗಾಜಾದಲ್ಲಿ ಹನ್ನೊಂದು ವರ್ಷ ಭಾರತದ ಪಲ್ಟನ್‌ಗಳು ಕಾವಲು ನಿಂತವು. 1967ರ ಅರಬ್-ಇಸ್ರೇಲ್ ಯುದ್ಧ ಭುಗಿಲೆದ್ದಾಗ ಅಲ್ಲಿಂದ ಹೊರಡುವ ತಯಾರಿಯಲ್ಲಿದ್ದ ನಮ್ಮ ಯೋಧರು ಪ್ರಾಣ ತೆತ್ತರು. ಕಾಂಗೋದಲ್ಲಿ 1961ರ ಡಿಸೆಂಬರ್ 5ರಂದು ಕ್ಯಾಪ್ಟನ್ ಗುರುಬಚನ್ ಸಿಂಗ್ ಸಲಾರಿಯಾ ಬಿದ್ದರು. ವಿಶ್ವಸಂಸ್ಥೆಯ ಸೇವೆಯಲ್ಲಿ ಪರಮವೀರ ಚಕ್ರ ಪಡೆದವರು ಅವರೊಬ್ಬರೇ.

ತಿಮ್ಮಯ್ಯನವರು ಭೂಸೇನೆಯ ಮುಖ್ಯಸ್ಥರಾಗಿ 1961ರಲ್ಲಿ ನಿವೃತ್ತರಾದರು. ಕೊಡಗಿನ ಕಾಫಿ ತೋಟದಲ್ಲಿ ನೆಮ್ಮದಿಯಾಗಿ ಇರಬಹುದಿತ್ತು. 1964ರಲ್ಲಿ ಸೈಪ್ರಸ್ ದ್ವೀಪದಿಂದ ಕರೆ ಬಂತು. ಅಲ್ಲಿ ಗ್ರೀಕರು ಮತ್ತು ತುರ್ಕರು ಒಂದೇ ಊರಿನಲ್ಲಿ, ಒಂದೇ ಬೀದಿಯಲ್ಲಿ ಬಾಳಿದವರು. ಈಗ ಬೀದಿಗೆ ಅಡ್ಡಲಾಗಿ ಮರಳಿನ ಚೀಲ ಒಟ್ಟಿ ಗುಂಡು ಹಾರಿಸುತ್ತಿದ್ದರು. ಹಲವು ದೇಶಗಳ ಸೈನಿಕರಿದ್ದ ವಿಶ್ವಸಂಸ್ಥೆಯ ಪಡೆಗೆ ತಿಮ್ಮಯ್ಯನವರು ದಂಡನಾಯಕರಾದರು. ಆ ಆಗಸ್ಟ್‌ನಲ್ಲೇ ವಾಯವ್ಯ ಕರಾವಳಿಯಲ್ಲಿ ದೊಡ್ಡ ಕಾದಾಟವಾಗಿ ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಎರಡು ದೇಶಗಳ ನಡುವೆ ಪೂರ್ಣ ಯುದ್ಧವೇ ಆಗಬಹುದಿದ್ದ ಹೊತ್ತು ಅದು. 1965ರ ಡಿಸೆಂಬರ್ 18ರಂದು, ಇನ್ನೂ ಅದೇ ಹುದ್ದೆಯಲ್ಲಿದ್ದಾಗ, ಹೃದಯಾಘಾತದಿಂದ ಅವರು ಅಲ್ಲೇ ತೀರಿಕೊಂಡರು. ವಯಸ್ಸು 59. ಮರುವರ್ಷ ಸೈಪ್ರಸ್ ಸರಕಾರ ಅವರ ಹೆಸರಿನಲ್ಲಿ ಅಂಚೆಚೀಟಿ ಹೊರಡಿಸಿತು. ಪರದೇಶದ ಸೈನ್ಯಾಧಿಕಾರಿಗೆ ಇಂಥ ಗೌರವ ಸುಮ್ಮನೆ ಸಿಗುವುದಿಲ್ಲ. ಅವರ ಸಮಾಧಿ ಬೆಂಗಳೂರಿನಲ್ಲಿದೆ. ಮಡಿಕೇರಿಯ ಅವರ ಮನೆ ಸನ್ನಿ ಸೈಡ್ 2021ರಿಂದ ವಸ್ತುಸಂಗ್ರಹಾಲಯವಾಗಿದೆ. ಮಡಿಕೇರಿಗೆ ಹೋದವರು ಅಬ್ಬಿ ಜಲಪಾತ ನೋಡಿ ಮರಳದೆ ಅಲ್ಲಿಗೂ ಹೋಗಿ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ನಮ್ಮ ಧಾರವಾಡ ಜಿಲ್ಲೆಗೆ ಹತ್ತಿರದ ನಂಟೂ ಒಂದಿದೆ. ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿ ದಳದ ತರಬೇತಿ ಕೇಂದ್ರವಿದೆ. 1992ರಲ್ಲಿ ಯುಗೊಸ್ಲಾವಿಯಾ ಒಡೆದು ಹೊತ್ತಿ ಉರಿಯುವಾಗ ಅಲ್ಲಿನ ವಿಶ್ವಸಂಸ್ಥೆ ಪಡೆಯ ಮೊದಲ ದಂಡನಾಯಕರಾದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್ 1971ರಲ್ಲಿ ಆ ದಳದಲ್ಲಿದ್ದು ವೀರಚಕ್ರ ಪಡೆದವರು.

ಪೊಲೀಸರದು ಈಚಿನ ಅಧ್ಯಾಯ. 2007ರ ಜನವರಿಯಲ್ಲಿ ಆಫ್ರಿಕದ ಲೈಬೀರಿಯಾಕ್ಕೆ ಭಾರತ ನೂರಕ್ಕೂ ಹೆಚ್ಚು ಮಹಿಳಾ ಪೊಲೀಸರ ತುಕಡಿ ಕಳಿಸಿತು. ವಿಶ್ವಸಂಸ್ಥೆಯ ಇತಿಹಾಸದಲ್ಲಿ ಪೂರ್ತಿ ಮಹಿಳೆಯರೇ ಇದ್ದ ಮೊದಲ ಪೊಲೀಸ್ ತುಕಡಿ ಅದು. ಒಂದರ ಹಿಂದೊಂದು ತಂಡ ಬದಲಾಗುತ್ತ 2016ರವರೆಗೆ ಅವರು ಅಲ್ಲಿ ಗಸ್ತು ತಿರುಗಿದರು. ಯುದ್ಧದಲ್ಲಿ ಅತ್ಯಾಚಾರಕ್ಕೆ ಸಿಕ್ಕಿ ನಲುಗಿದ ಹೆಣ್ಣುಮಕ್ಕಳು ಗಂಡು ಪೊಲೀಸನ ಮುಂದೆ ಬಾಯಿ ಬಿಡಲಾರದ್ದನ್ನು ಇವರ ಮುಂದೆ ಹೇಳಿಕೊಳ್ಳಬಹುದಿತ್ತು. ಇವರನ್ನು ನೋಡಿ ಆ ದೇಶದ ಹುಡುಗಿಯರೇ ಪೊಲೀಸ್ ಸೇರಲು ಮುಂದೆ ಬಂದರು.

ಇದುವರೆಗೆ 2,90,000ಕ್ಕೂ ಹೆಚ್ಚು ಭಾರತೀಯರು ಶಾಂತಿಪಾಲನೆಗೆ ಹೋಗಿದ್ದಾರೆ. ಸುಮಾರು 180 ಜನ ಮರಳಲಿಲ್ಲ. ನಮ್ಮ ಕಡೆಯ ಊರುಗಳಲ್ಲಿ ಬೆಳಗಿನ ಜಾವ ಭರ್ತಿಗಾಗಿ ರಸ್ತೆಯಲ್ಲಿ ಓಡುವ ತಮ್ಮಂದಿರೇ, ತಂಗಿಯರೇ, ಒಂದು ಮಾತು ತಿಳಿದಿರಲಿ. ಸೈನ್ಯದಲ್ಲಿ ಈ ಅವಕಾಶ ಬಹುತೇಕ ನಿಮ್ಮ ಪಲ್ಟನ್ ಆಯ್ಕೆಯಾದಾಗ ಬರುತ್ತದೆ. ಹೊರಡುವ ಮೊದಲು ದೆಹಲಿಯಲ್ಲಿ ಅದಕ್ಕೆಂದೇ ಇರುವ ಕೇಂದ್ರದ ತರಬೇತಿಯೂ ಇರುತ್ತದೆ. ಬಿಡಿಬಿಡಿಯಾಗಿ ಆಯ್ಕೆಯಾಗುವ ಪೊಲೀಸರಿಗೆ ವಿಶ್ವಸಂಸ್ಥೆ ಭಾಷೆ, ವಾಹನ ಚಾಲನೆ, ಗುರಿ ಹೊಡೆಯುವುದು ಈ ಮೂರನ್ನೂ ಪರೀಕ್ಷೆ ಮಾಡುತ್ತದೆ. ಓಡುವುದರ ಜೊತೆಗೆ ದಿನಕ್ಕೆ ಒಂದು ತಾಸು ಇಂಗ್ಲಿಷಿಗೂ ಇಡಿರಿ.