ಬೀಗ ಏಳುವ ಮೊದಲೇ ತೆರೆದ ಬಾಗಿಲು



“ಬೆಂಗಳೂರಲ್ಲಿ ಏನು ಕೆಲಸ ಮಾಡ್ತೀಯಪ್ಪ?” ಎಂದು ನಿನ್ನೆ ಗಣಿತದ ಮೇಷ್ಟ್ರು ಕೇಳಿದರು. “ಬೆಳಿಗ್ಗೆ ಕಂಪ್ಯೂಟರುಗಳನ್ನು ಎಬ್ಬಿಸೋದು ಸಾರ್” ಅಂದೆ. ನಕ್ಕರು. ಆದರೆ ನಿಜವಾಗಿ ಅದೇ ನನ್ನ ಕೆಲಸ.

ಹಿಂದೆ ನಾನಿದ್ದ ಒಂದು ಕಡೆ ಹಲವಾರು ಲಿನಕ್ಸ್ ಯಂತ್ರಗಳಿದ್ದವು, ಕಡತಗಳೆಲ್ಲ ಒಂದೇ ಸರ್ವರಿನಲ್ಲಿ. ಯಂತ್ರ ಏಳುವಾಗಲೇ ಆ ಸರ್ವರಿನ ಫೋಲ್ಡರನ್ನು ತನ್ನದೇ ಎಂಬಂತೆ ಜೋಡಿಸಿಕೊಳ್ಳುತ್ತದೆ. ಇದಕ್ಕೆ ಮೌಂಟ್ ಎನ್ನುತ್ತಾರೆ. ವ್ಯವಸ್ಥೆಯ ಹೆಸರು ಎನ್‌ಎಫ್‌ಎಸ್. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ರೂಪಿಸಿದ್ದು. ಹೆಡ್‌ಮಾಸ್ಟರ ಕೊಠಡಿಯಲ್ಲಿ ಒಬ್ಬ ಮೇಷ್ಟ್ರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಇನ್ನೊಬ್ಬರು ಕಾಯುತ್ತಿದ್ದರಲ್ಲ, ಹಾಗೆ ಒಂದು ಕಡತಕ್ಕೆ ಇಬ್ಬರು ಒಟ್ಟಿಗೆ ಬರೆಯದಂತೆ ಬೀಗ ಬೇಕು. ಎನ್‌ಎಫ್‌ಎಸ್ ಮೂರನೆಯ ಆವೃತ್ತಿಯಲ್ಲಿ ಈ ಬೀಗದ ವ್ಯವಸ್ಥೆಯೇ ಬೇರೆ. ಮೊದಲು ನೆಟ್‌ವರ್ಕ್ ಏಳಬೇಕು, ಆಮೇಲೆ ಆರ್‌ಪಿಸಿಬೈಂಡ್, ಆಮೇಲೆ ಸ್ಟ್ಯಾಟ್‌ಡಿ ಎಂಬ ಪುಟ್ಟ ಪ್ರೋಗ್ರಾಂ. ಮೌಂಟ್ ಕೊನೆಗೆ.

ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂತು. ಮೌಂಟ್ ಮೊದಲು ಓಡಿತು, ಸ್ಟ್ಯಾಟ್‌ಡಿ ಇನ್ನೂ ಎದ್ದಿರಲಿಲ್ಲ. ಪರದೆಯ ಮೇಲೆ ಸಂದೇಶ: ಸ್ಟ್ಯಾಟ್‌ಡಿ ಶುರು ಮಾಡಿ, ಇಲ್ಲವೇ ‘ನೋಲಾಕ್’ ಹಾಕಿ ಬೀಗವನ್ನು ಈ ಯಂತ್ರದೊಳಗೇ ಇಟ್ಟುಕೊಳ್ಳಿ. ಹೊರಗೆ ಜನ ಕಾಯುತ್ತಿದ್ದರು. ಸುಲಭದ್ದನ್ನು ಆರಿಸಿದೆ. ಎಲ್ಲ ಚಕಚಕನೆ ಎದ್ದಿತು, ಶಹಬ್ಬಾಸ್ ಅಂತಲೂ ಅನ್ನಿಸಿಕೊಂಡೆ.

‘ಯಂತ್ರದೊಳಗೇ’ ಅಂದರೆ ಪಕ್ಕದ ಯಂತ್ರಕ್ಕೆ ಆ ಬೀಗ ಕಾಣುವುದಿಲ್ಲ. ಮೂರು ವಾರದ ನಂತರ ಒಬ್ಬ ಸಂಶೋಧನಾ ವಿದ್ಯಾರ್ಥಿನಿಯ ಲೆಕ್ಕ ಎರಡು ಯಂತ್ರಗಳಲ್ಲಿ ನಡೆಯುತ್ತಿತ್ತು. ಎರಡೂ ಕಡತದ ಕೊನೆ ಒಂದೇ ಜಾಗವೆಂದುಕೊಂಡು ಒಂದರ ಸಾಲಿನ ಮೇಲೆ ಇನ್ನೊಂದು ಬರೆದವು. ಯಾವ ದೋಷವೂ ಪರದೆಯ ಮೇಲೆ ಬರಲಿಲ್ಲ. ಆಕೆ ಮೊದಲು ತನ್ನ ಗಣಿತವನ್ನೇ ಅನುಮಾನಿಸಿದಳು, ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಎರಡು ದಿನ ಹುಡುಕಿ, ತಪ್ಪು ನನ್ನದೆಂದು ಹೋಗಿ ಹೇಳಿದೆ. ಒಂದು ತಿಂಗಳ ಲೆಕ್ಕವನ್ನು ಆಕೆ ಮತ್ತೆ ನಡೆಸಬೇಕಾಯಿತು.

ಆಮೇಲೆ ನೋಲಾಕ್ ತೆಗೆದು, ಏಳುವ ಕ್ರಮ ಸರಿಪಡಿಸಿದೆ. ಮುಂದೆ ನಾಲ್ಕನೆಯ ಆವೃತ್ತಿಗೆ ಬದಲಾಯಿಸಿದೆವು. ಅದರಲ್ಲಿ ಬೀಗ ಎನ್‌ಎಫ್‌ಎಸ್‌ನೊಳಗೇ ಇದೆ, 2049 ಎಂಬ ಒಂದೇ ಪೋರ್ಟ್ ಸಾಕು, ಸ್ಟ್ಯಾಟ್‌ಡಿಗೆ ಕಾಯುವ ಪಾಡಿಲ್ಲ. ನೆಟ್‌ವರ್ಕ್ ಬರುವ ತನಕ ಮಾತ್ರ ಕಾಯಲೇಬೇಕು.

ನಿನ್ನೆ ನಮ್ಮ ಶಾಲೆಯ ಲ್ಯಾಬಿನ ಆರು ಕಂಪ್ಯೂಟರುಗಳನ್ನೂ ಹೀಗೇ ಜೋಡಿಸಿದ್ದೇನೆ. ಬೇಕೆಂತಲೇ ಮೂರು ಸಲ ಮೇನ್ ಸ್ವಿಚ್ ಆರಿಸಿ ಹಾಕಿ ನೋಡಿದೆ. ನಮ್ಮೂರಿನ ಕರೆಂಟು ನನಗೆ ಗೊತ್ತಲ್ಲ!