ಗುಟ್ಟಿನ ಚೀಲ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ನನಗೆ ಕೊಟ್ಟಿದ್ದ ವಿಷಯ 'ಮಾಹಿತಿ ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿಗಳು'. ಸಾಫ್ಟ್‌ವೇರ್‌ನವನು ಅಂದರೆ ಎಲ್ಲರೂ ಕೊಡುವುದು ಅದನ್ನೇ. ಅದರ ಬಗ್ಗೆ ಯಾವಾಗ ಬೇಕಾದರೂ ಮಾತಾಡಬಹುದು. ಇವತ್ತು ಇಪ್ಪತ್ತು ವರ್ಷದಿಂದ ಹೊಟ್ಟೆಯಲ್ಲಿಟ್ಟುಕೊಂಡ ಒಂದು ಮಾತು ಹೇಳಬೇಕಾಗಿದೆ. ಸ್ವಾಗತ ಸಮಿತಿಯವರು ಕ್ಷಮಿಸಬೇಕು.

ನಾನು 2004ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದೆ. ಆ ಮೂರು ವರ್ಷ ಹಿರಿಯರಿಗೆ ನೆನಪಿರುತ್ತದೆ. 2001ರಿಂದ ಸತತವಾಗಿ ಬರ. ಜಗಳೂರು ಸೀಮೆಗೆ ಬರ ಹೊಸದಲ್ಲ, ಆದರೆ ಒಂದರ ಬೆನ್ನಿಗೆ ಒಂದು ಮೂರು ವರ್ಷ ಬಂದಾಗ ಬಿತ್ತನೆ ಶೇಂಗಾ ಕೂಡ ಮನೆಯಲ್ಲಿ ಉಳಿಯಲಿಲ್ಲ. ನಮ್ಮಪ್ಪ ಅಡಿಕೆ ಸುಲಿಯಲು ಚನ್ನಗಿರಿ ಕಡೆ ಹೋದರೆ ಬರುತ್ತಿದ್ದುದು ಸುಗ್ಗಿ ಮುಗಿದ ಮೇಲೆ. ಅವ್ವ ಮತ್ತು ನಾನು ಇಲ್ಲಿ.

ಒಂಬತ್ತನೇ ತರಗತಿಯಲ್ಲಿದ್ದಾಗ ಪಟ್ಟಣದ ಒಂದು ಸಂಘದವರು ಬಂದು 'ಬಡ ವಿದ್ಯಾರ್ಥಿಗಳಿಗೆ' ಬ್ಯಾಗು, ನೋಟ್‌ಬುಕ್ಕು ಹಂಚಿದರು. ಸಂಘದ ಹೆಸರು ಬೇಡ, ಒಳ್ಳೆಯ ಮನಸ್ಸಿನಿಂದಲೇ ಬಂದವರು. ಆಗಿನ ಕಟ್ಟೆಯ ಮೇಲೆ, ಅಂದರೆ ಈಗ ನಾನು ನಿಂತಿರುವ ಜಾಗಕ್ಕಿಂತ ಹತ್ತು ಮಾರು ಆಚೆ, ನಮ್ಮನ್ನು ಸಾಲಾಗಿ ನಿಲ್ಲಿಸಿ ಹೆಸರು ಕೂಗಿದರು. ಬ್ಯಾಗನ್ನು ಎದೆ ಮಟ್ಟಕ್ಕೆ ಎತ್ತಿ ಹಿಡಿಯಲು ಹೇಳಿದರು. ಮುಖ ಕಾಣಲಿ ಅಂತ ಫೋಟೋದವನು ನನ್ನ ಗದ್ದ ಹಿಡಿದು ಮೇಲೆತ್ತಿದ. ಬ್ಯಾಗಿನ ಮೇಲೆ ದೊಡ್ಡದಾಗಿ ಸಂಘದ ಹೆಸರಿತ್ತು. ಮರುದಿನದಿಂದ ನನ್ನ ಹೆಸರು 'ಚೀಲ'. ಹಾಗೆ ಕರೆದವರಲ್ಲಿ ಮೂವರು ಈಗ ಮುಂದಿನ ಸಾಲಿನಲ್ಲಿ ಕೂತು ನಗುತ್ತಿದ್ದಾರೆ. ನಗಲಿ, ನನಗೇನೂ ಬೇಜಾರಿಲ್ಲ. ಆದರೆ ಆ ಬ್ಯಾಗನ್ನು ನಾನು ಒಂದು ದಿನವೂ ಹೆಗಲಿಗೆ ಹಾಕಲಿಲ್ಲ. ಅವ್ವ ಅದರಲ್ಲಿ ಈರುಳ್ಳಿ ಬೀಜ ತುಂಬಿಟ್ಟಳು.

ಪಿ.ಯು.ಸಿ. ಮುಗಿಯಿತು, ಸಿ.ಇ.ಟಿ. ಬರೆದೆ, 2006ರಲ್ಲಿ ದಾವಣಗೆರೆಯ ಯು.ಬಿ.ಡಿ.ಟಿ. ಕಾಲೇಜಿನಲ್ಲಿ ಬಿ.ಇ. ಸೀಟು ಸಿಕ್ಕಿತು. ಶುಲ್ಕವನ್ನು ಹೇಗೋ ಹೊಂದಿಸಿದೆವು. ಊಟದ ಲೆಕ್ಕ ಮಾತ್ರ ಹೊಂದಲಿಲ್ಲ. ಎರಡನೇ ಸೆಮಿಸ್ಟರ್ ಹೊತ್ತಿಗೆ ಮೆಸ್ಸಿನ ಬಾಕಿ ಬೆಳೆದು, ರಾತ್ರಿ ಮಂಡಕ್ಕಿ ತಿಂದು ಮಲಗುವುದು ರೂಢಿಯಾಯಿತು. ದಾವಣಗೆರೆಯ ಮಂಡಕ್ಕಿಯನ್ನು ಹೊಗಳುವವರು ಅದನ್ನೇ ಹದಿನೈದು ದಿನ ಒಂದೇ ಸಮನೆ ತಿಂದು ನೋಡಬೇಕು.

ನನ್ನ ರೂಮಿನ ಸೀನಿಯರ್ ಒಬ್ಬ ಕ್ರೈಸ್ತ ಹುಡುಗ. ಅವನು ನನಗೇನೂ ಹೇಳದೆ ತನ್ನ ಚರ್ಚಿನಲ್ಲಿ ಯಾರಿಗೋ ಹೇಳಿದ. ಒಂದು ಭಾನುವಾರ ನಾನು ಊರಿನಲ್ಲಿದ್ದಾಗ ಮಧ್ಯಾಹ್ನದ ಬಸ್ಸಿಗೆ ಇಬ್ಬರು ಇಳಿದು, ವಿಚಾರಿಸಿಕೊಂಡು ನಮ್ಮ ಮನೆಗೆ ಬಂದರು. ಒಬ್ಬರು ಮುಚ್ಚಿಹೋದ ಹತ್ತಿ ಗಿರಣಿಯಲ್ಲಿ ದುಡಿದವರು, ಇನ್ನೊಬ್ಬರು ಟೈಲರ್. ಚಾಪೆಯ ಮೇಲೆ ಕೂತರು, ಕಪ್ಪು ಚಹಾ ಕುಡಿದರು. ಆದಾಯ ಪ್ರಮಾಣಪತ್ರ ಕೇಳಲಿಲ್ಲ. ಅವ್ವನ ಮೊಣಕಾಲು ನೋವಿನ ಬಗ್ಗೆ ಕೇಳಿದರು, ಬೋರ್‌ವೆಲ್ಲಿನ ನೀರಿನ ಬಗ್ಗೆ ಕೇಳಿದರು, ಅಪ್ಪ ಯಾವಾಗ ಬರುತ್ತಾರೆ ಅಂದರು. ಹೊರಡುವಾಗ ಟೈಲರ್ ಒಂದು ಲಕೋಟೆಯನ್ನು ಚಾಪೆಯ ಅಂಚಿಗೆ ಸರಿಸಿಟ್ಟರು. ಕೈಗೆ ಕೊಡಲಿಲ್ಲ. ಆ ತಿಂಗಳ ಮೆಸ್ಸಿನ ಬಿಲ್ಲು ಅದರಲ್ಲಿತ್ತು. ಮುಂದಿನ ತಿಂಗಳು ಮತ್ತೆ ಬಂದರು. ಅದರ ಮುಂದಿನ ತಿಂಗಳೂ.

ಊರಿನಲ್ಲಿ ಮಾತು ಏಳದೆ ಇರುತ್ತದೆಯೇ? ಚರ್ಚಿನವರು ಇವರ ಮನೆಗೆ ಯಾಕೆ ಬರುತ್ತಾರೆ ಅಂತ ಅರಳಿಕಟ್ಟೆಯ ಮೇಲೆ ಚರ್ಚೆಯಾಯಿತು. ಅವ್ವನಿಗೂ ಒಳಗೊಳಗೇ ಅಳುಕು. ಮೂರನೇ ಸಲ ಬಂದಾಗ ನೇರವಾಗಿ ಕೇಳಿಯೇಬಿಟ್ಟಳು: "ಯಣ್ಣಾ, ನಮ್ಮನ್ನೇನಾರ ನಿಮ್ ಜಾತಿಗೆ ಸೇರಿಸ್ಕಂತೀರಾ?" ಗಿರಣಿಯವರು ನಕ್ಕು, "ನಿನ್ ಮಗ ಮ್ಯಾಥ್ಸಲ್ಲಿ ಪಾಸಾದ್ರೆ ಸಾಕು ಕಣಕ್ಕ, ಎರಡು ಸಬ್ಜೆಕ್ಟ್ ಬಿಟ್ಟವ್ನೆ" ಅಂದರು. ಬ್ಯಾಕ್ ಉಳಿದದ್ದು ಅವ್ವನಿಗೆ ಗೊತ್ತಾದದ್ದು ಹಾಗೆ! ನಾಲ್ಕು ವರ್ಷ ಅವರು ನಮ್ಮ ಮನೆಗೆ ಬಂದರು. ನಮ್ಮ ದೇವರ ಗೂಡಿನ ಎದುರೇ ಕೂರುತ್ತಿದ್ದರು. ಒಂದು ದಿನವೂ ಧರ್ಮದ ಮಾತು ಬರಲಿಲ್ಲ. ಯುಗಾದಿಗೆ ಅವ್ವ ಕಟ್ಟಿಕೊಟ್ಟ ಹೋಳಿಗೆ ಮಾತ್ರ ತಪ್ಪದೆ ಒಯ್ಯುತ್ತಿದ್ದರು.

ಇವರು ಯಾರು ಅಂತ ನಾನು ನಿಧಾನವಾಗಿ ತಿಳಿದುಕೊಂಡೆ. ನಮ್ಮ ಜಿಲ್ಲೆ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರುತ್ತದೆ. 1988ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯದಿಂದ ಬೇರೆಯಾದದ್ದು ಅದು. ಒಂದೊಂದು ಚರ್ಚು ಮತ್ತು ಅದಕ್ಕೆ ಸೇರಿದ ಮನೆಗಳಿಗೆ ಧರ್ಮಕೇಂದ್ರ ಅನ್ನುತ್ತಾರೆ. ಕೆಲವು ಧರ್ಮಕೇಂದ್ರಗಳಲ್ಲಿ ಸಂತ ವಿನ್ಸೆಂಟ್ ದೆ ಪಾಲ್ ಸಭೆ ಅಂತ ಒಂದು ಸಣ್ಣ ಗುಂಪು ಇರುತ್ತದೆ. ಗುರುಗಳು, ಕನ್ಯಾಸ್ತ್ರೀಯರು ನಡೆಸುವ ಸಂಸ್ಥೆಯಲ್ಲ ಅದು, ಸಂಸಾರಸ್ಥರದ್ದು. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಝನಾಂ ಎಂಬ ಇಪ್ಪತ್ತು ವರ್ಷದ ಕಾನೂನು ವಿದ್ಯಾರ್ಥಿ ಗೆಳೆಯರನ್ನು ಸೇರಿಸಿಕೊಂಡು ಶುರು ಮಾಡಿದ್ದು. 'ನಿಮ್ಮ ಧರ್ಮ ಹಿಂದೆ ದೊಡ್ಡ ಕೆಲಸ ಮಾಡಿರಬಹುದು, ಈಗ ಬಡವರಿಗೆ ಏನು ಮಾಡುತ್ತಿದ್ದೀರಿ?' ಅಂತ ಚರ್ಚಾಕೂಟವೊಂದರಲ್ಲಿ ಸವಾಲು ಬಂತು. ಓಝನಾಂ ವಾದ ಮುಂದುವರಿಸಲಿಲ್ಲ. ಗೆಳೆಯನೊಬ್ಬನ ಜೊತೆ ತಮ್ಮ ಪಾಲಿನ ಸೌದೆಯನ್ನು ಹೊತ್ತುಕೊಂಡು ಒಂದು ಬಡ ಮನೆಗೆ ಹೋದ ಅಂತ ಹೇಳುತ್ತಾರೆ. ಮೊದಲು ಅವರಿಗೆ ದಾರಿ ತೋರಿಸಿದವರು ಅಲ್ಲಿನ ಬಡ ಕೇರಿಗಳಲ್ಲಿ ದುಡಿಯುತ್ತಿದ್ದ ಸಿಸ್ಟರ್ ರೊಸಾಲಿ. ಅಂದಿನಿಂದ ಈ ಸಭೆಯ ಮುಖ್ಯ ಕೆಲಸ ಒಂದೇ: ಇಬ್ಬಿಬ್ಬರಾಗಿ ಮನೆಗೆ ಹೋಗುವುದು.

ಕೊನೆಯ ವರ್ಷ ಅವರ ಸಭೆಯಲ್ಲಿ ಒಮ್ಮೆ ಕೂತಿದ್ದೆ. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಹಿಂದಿನ ಸಣ್ಣ ಕೋಣೆ, ಹನ್ನೊಂದು ಜನ, ಹೆಚ್ಚಿನವರಿಗೆ ಕೂದಲು ಬೆಳ್ಳಗಾಗಿತ್ತು. ಪ್ರಾರ್ಥನೆ, ಹಿಂದಿನ ಸಭೆಯ ನಡಾವಳಿ, ಆಮೇಲೆ ಯಾರು ಯಾವ ಮನೆಗೆ ಹೋಗಿ ಬಂದರು ಅನ್ನುವ ವರದಿ. ದಾವಣಗೆರೆಗೆ ಓದಲು ಬಂದ ನಮ್ಮಂಥವರ ಮನೆಗಳು ಆ ಪಟ್ಟಿಯಲ್ಲಿದ್ದವು. ಚನ್ನಗಿರಿ ಹತ್ತಿರದ್ದೊಂದು, ಹೊನ್ನಾಳಿಯದ್ದೊಂದು, ಆಗಿನ್ನೂ ಹೊನ್ನಾಳಿ ತಾಲ್ಲೂಕಿಗೇ ಸೇರಿದ್ದ ನ್ಯಾಮತಿ ಕಡೆಯ ತಾಂಡಾದ ಹುಡುಗಿಯದ್ದೊಂದು. ಒಂದು ಮನೆಗೆ ಎರಡು ಸಲ ಹೋದರೂ ಬಾಗಿಲು ತೆಗೆಯಲಿಲ್ಲ ಅಂತ ಒಬ್ಬರು ಹೇಳಿದರು. ಯಾರೂ ಬೇಸರಿಸಿಕೊಳ್ಳಲಿಲ್ಲ, ಮುಂದಿನ ವಾರ ಬೇರೆ ಹೊತ್ತಿನಲ್ಲಿ ಹೋಗಿ ಅಂದರು.

ಕೊನೆಗೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಬಂತು. ಇದಕ್ಕೆ ಅವರಲ್ಲಿ ಗುಟ್ಟಿನ ಸಂಗ್ರಹ ಅನ್ನುತ್ತಾರೆ. ಪ್ರತಿಯೊಬ್ಬರೂ ಮುಷ್ಟಿ ಮುಚ್ಚಿ ಚೀಲದೊಳಗೆ ಹಾಕಿ, ಒಳಗೇ ಬಿಚ್ಚಿ, ಮತ್ತೆ ಮುಷ್ಟಿ ಮುಚ್ಚಿಕೊಂಡು ಹೊರಗೆ ತೆಗೆಯುತ್ತಾರೆ. ಐದು ಹಾಕಿದರೋ ಐನೂರು ಹಾಕಿದರೋ ಪಕ್ಕದವರಿಗೆ ಗೊತ್ತಾಗುವುದಿಲ್ಲ. ಅವತ್ತು ಏನೂ ಇಲ್ಲದವರ ಮುಷ್ಟಿಯೂ ಒಳಗೆ ಹೋಗಿ ಬರುತ್ತದೆ. ಚೀಲ ನನ್ನ ಹತ್ತಿರ ಬಂದಾಗ ನಾನೂ ಕೈ ಹಾಕಿದೆ. ಎರಡು ರೂಪಾಯಿಯ ನಾಣ್ಯ. ನನ್ನ ಮೆಸ್ಸಿನ ದುಡ್ಡು ಬರುವುದು ಆ ಚೀಲದಿಂದ, ಅದಕ್ಕೇ ನಾನೂ ಹಾಕಿದೆ. ಅವತ್ತು 'ಚೀಲ' ಅನ್ನುವ ಪದ ನನಗೆ ಮೊದಲಿನಷ್ಟು ಚುಚ್ಚಲಿಲ್ಲ.

ಇದು ಕ್ರೈಸ್ತರದ್ದೊಂದೇ ಗುಣ ಅಂತ ನಾನು ಹೇಳುತ್ತಿಲ್ಲ. ಮಠಗಳ ದಾಸೋಹದಲ್ಲಿ ಉಂಡು ಓದಿದವರು ಈ ಸಭೆಯಲ್ಲೇ ಎಷ್ಟೋ ಜನ ಇದ್ದೀರಿ. ಸ್ವಾಮಿಗಳು ಕಂತೆಭಿಕ್ಷೆಗೆ ಬಂದಾಗ ಸೇರು ಜೋಳ ಹಾಕದ ಮನೆ ನಮ್ಮ ಸೀಮೆಯಲ್ಲಿ ಇರಲಿಲ್ಲ. ಮುಸ್ಲಿಮರು ಜಕಾತ್ ಅಂತ ಉಳಿತಾಯದಲ್ಲಿ ನೂರಕ್ಕೆ ಎರಡೂವರೆ ತೆಗೆಯುತ್ತಾರೆ. ದೂರದ ಮಿಜೋರಾಂನಲ್ಲಿ ಚರ್ಚಿನ ಹೆಂಗಸರು ಅಡುಗೆ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿಯನ್ನು ಬೇರೆ ಎತ್ತಿಡುತ್ತಾರೆ, 1910ರಿಂದ ನಡೆದುಬಂದ ಪದ್ಧತಿ. ಕ್ಯಾಥೋಲಿಕರ ತಪಸ್ಸು ಕಾಲದಲ್ಲಿ, ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ಮಾಂಸ ಬಿಟ್ಟು ಉಳಿಸಿದ್ದನ್ನು ಬಡವರಿಗೆ ಎತ್ತಿಡುತ್ತಾರೆ. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆಗೆ ನಮ್ಮೂರಿನವರೇ ಹರಕೆ ಹೊತ್ತು ಹೋಗುತ್ತಾರಲ್ಲ, ಆಗ ಯಾರ ಜಾತಿಯನ್ನು ಯಾರು ಕೇಳುತ್ತಾರೆ? ಚರ್ಚಿನ ಎಲ್ಲ ಕೊಡುಗೆಯೂ ಗುಟ್ಟಿನದು ಅಂತಲೂ ಅಲ್ಲ. ಅಲ್ಲಿಯೂ ಫ್ಲೆಕ್ಸ್ ಬಂದಿದೆ, ಫೋಟೋ ಬಂದಿದೆ. ಗಿರಣಿಯ ಹಿರಿಯರೇ ಅದನ್ನು ಹೇಳಿ ಬೇಸರಪಡುತ್ತಿದ್ದರು.

ಈಗ ನನ್ನ ತಪ್ಪಿನ ಕಥೆ.

2021ರಲ್ಲಿ, ಕೊರೊನಾದ ಎರಡನೇ ಅಲೆ ಇಳಿದ ಮೇಲೆ, ನಮ್ಮ ವಾಟ್ಸ್ಆ್ಯಪ್ ಗುಂಪಿನವರು ಎಸ್.ಎಸ್.ಎಲ್.ಸಿ. ಮುಗಿಸಿದ ಮಕ್ಕಳಿಗೆ ಸಹಾಯ ಮಾಡೋಣ ಅಂತ ಹಣ ಕೂಡಿಸಿದೆವು. ಹಂಚುವ ಜವಾಬ್ದಾರಿ ನನ್ನದು. ಬೆಂಗಳೂರಿನಲ್ಲಿ ಕೂತು ಚೆಂದದ ಗೂಗಲ್ ಫಾರ್ಮ್ ಮಾಡಿದೆ. ಆಧಾರ್, ಆದಾಯ, ಅಂಕಪಟ್ಟಿ ಎಲ್ಲ ಅಪ್‌ಲೋಡ್ ಮಾಡಬೇಕು. ಅಂಕ ಮತ್ತು ಆದಾಯ ಸೇರಿಸಿ ತಾನೇ ಪಟ್ಟಿ ಮಾಡುವ ಸೂತ್ರ ಬರೆದೆ. ಪಕ್ಷಪಾತಕ್ಕೆ ಜಾಗವೇ ಇಲ್ಲ ಅಂತ ಹೆಮ್ಮೆ ಬೇರೆ. ಹದಿನಾಲ್ಕು ಅರ್ಜಿ ಬಂದವು, ಹದಿನಾಲ್ಕು ಜನಕ್ಕೂ ಹಣ ಹೋಯಿತು.

ಡಿಸೆಂಬರ್‌ನಲ್ಲಿ ಗಿರಣಿಯ ಹಿರಿಯರಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಹೊಗಳುತ್ತಾರೆ ಅಂತ ಕಾದೆ. ಅವರು ಕೇಳಿದ್ದು ಒಂದೇ: "ಯಾರ ಮನೆಗೆ ಹೋಗಿದ್ದೆ?" ನಾನು ಯಾರ ಮನೆಗೂ ಹೋಗಿರಲಿಲ್ಲ.

ಆ ಶನಿವಾರ ಊರಿಗೆ ಬಂದೆ. ನಮ್ಮ ಮೇಷ್ಟ್ರನ್ನು ಕೇಳಿದೆ, ಅರ್ಜಿ ಹಾಕದವರಲ್ಲಿ ಯಾರಿದ್ದಾರೆ ಅಂತ. ಅವರು ತಕ್ಷಣ ಒಂದು ಹುಡುಗಿಯ ಹೆಸರು ಹೇಳಿದರು. ಹೆಸರು ಇಲ್ಲಿ ಬೇಡ. ಮನೆಗೆ ಹೋದರೆ ಬೀಗ. ತಂದೆ ಎರಡನೇ ಅಲೆಯಲ್ಲಿ ತೀರಿಹೋಗಿದ್ದರು. ಮನೆಯಲ್ಲಿದ್ದ ಒಂದೇ ಮೊಬೈಲ್ ಆಸ್ಪತ್ರೆಯ ಸಾಲಕ್ಕೆ ಹೋಗಿತ್ತು. ತಾಯಿ, ಮಗಳು ಚನ್ನಗಿರಿ ಕಡೆ ಖೇಣಿದಾರರೊಬ್ಬರ ಹತ್ತಿರ ಅಡಿಕೆ ಸುಲಿಯಲು ಹೋಗಿದ್ದರು. ನಮ್ಮಪ್ಪ ಹೋಗುತ್ತಿದ್ದ ದಾರಿಯೇ! ನನ್ನ ಫಾರ್ಮ್ ಅವಳನ್ನು ತಿರಸ್ಕರಿಸಲಿಲ್ಲ. ಅವಳು ಇದ್ದಾಳೆ ಅನ್ನುವುದೇ ಅದಕ್ಕೆ ಗೊತ್ತಿರಲಿಲ್ಲ. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳುವುದಾದರೆ ಪರದೆಯ ಮೇಲೆ ಒಂದು ಎರರ್ ಕೂಡ ಬರಲಿಲ್ಲ.

ಮರುದಿನ ಮೇಷ್ಟ್ರು ಮತ್ತು ನಾನು ಚನ್ನಗಿರಿಗೆ ಹೋದೆವು. ಸಿಪ್ಪೆಯ ರಾಶಿಯ ನಡುವೆ ಮೆಟ್ಟುಗತ್ತಿಯ ಮುಂದೆ ಕೂತಿದ್ದಳು. ಬೆರಳೆಲ್ಲ ಕಪ್ಪು. ಆ ವರ್ಷದ ಪ್ರವೇಶ ಮುಗಿದುಹೋಗಿತ್ತು. ಮುಂದಿನ ವರ್ಷ ಪಿ.ಯು.ಸಿ.ಗೆ ಸೇರಿದಳು. ಅವಳ ಒಂದು ವರ್ಷ ಹೋದದ್ದು ನನ್ನಿಂದ.

ಇದನ್ನು ಇವತ್ತು ಯಾಕೆ ಹೇಳುತ್ತಿದ್ದೇನೆ ಅಂದರೆ, ಸಂಜೆಯ ಕಾರ್ಯಕ್ರಮ ಪಟ್ಟಿ ನಿಮ್ಮ ಕೈಯಲ್ಲೂ ಇದೆ. ಐದು ಗಂಟೆಗೆ 'ಐವತ್ತು ವರ್ಷ, ಐವತ್ತು ಬಡ ವಿದ್ಯಾರ್ಥಿಗಳಿಗೆ ವೇದಿಕೆಯಲ್ಲಿ ಬ್ಯಾಗ್ ವಿತರಣೆ' ಅಂತ ಅಚ್ಚಾಗಿದೆ. ಆ ಬ್ಯಾಗಿಗೆ ನಾನೂ ಹಣ ಕೊಟ್ಟಿದ್ದೇನೆ, ಅದರ ಮೇಲೆ ದಾನಿಗಳ ಜೊತೆ ನನ್ನ ಹೆಸರೂ ಇದೆ. ಸಮಿತಿಯಲ್ಲಿ ಈ ಬಗ್ಗೆ ನಾನು ಜಗಳವಾಡಿದ್ದು ಕೆಲವರಿಗೆ ಗೊತ್ತು. 'ದಾನಿಗಳಿಗೆ ಪ್ರೋತ್ಸಾಹ ಬೇಡವೇ, ಫೋಟೋ ಇಲ್ಲದಿದ್ದರೆ ಮುಂದಿನ ವರ್ಷ ಯಾರು ಕೊಡುತ್ತಾರೆ, ಲೆಕ್ಕಕ್ಕೆ ಸಾಕ್ಷಿ ಏನು?' ಅಂತ ಕೇಳಿದರು. ಸುಳ್ಳು ಪ್ರಶ್ನೆಗಳಲ್ಲ. ಲೆಕ್ಕ ಪ್ರತಿ ಪೈಸೆಗೂ ಇರಲಿ, ಲೆಕ್ಕಪರಿಶೋಧಕರು ನೋಡಲಿ, ಮೊತ್ತವನ್ನು ಶಾಲೆಯ ಬೋರ್ಡಿನ ಮೇಲೆ ಬರೆಯೋಣ. ಮಗುವಿನ ಮುಖ ರಸೀದಿಯಾಗುವುದು ಬೇಡ ಅನ್ನುವುದಷ್ಟೇ ನನ್ನ ವಾದ. ಸಮಿತಿಯಲ್ಲಿ ಸೋತೆ. ಅದಕ್ಕೇ ನಿಮ್ಮೆದುರು ಕೇಳುತ್ತಿದ್ದೇನೆ.

ಬ್ಯಾಗುಗಳು ಮುಖ್ಯೋಪಾಧ್ಯಾಯರ ಕೋಣೆಯಲ್ಲಿವೆ. ಅವು ಅಲ್ಲೇ ಇರಲಿ. ಯಾವ ಮನೆಗೆ ಏನು ಬೇಕು ಅನ್ನುವುದು ನಮ್ಮ ಶಿಕ್ಷಕರಿಗೆ ಗೊತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಊರಿನಲ್ಲೇ ಇರುವವರು ಒಬ್ಬರು, ಹೊರಗಿನಿಂದ ಬರುವವರು ಒಬ್ಬರು, ಹೀಗೆ ಜೋಡಿಯಾಗಿ ತಿಂಗಳಿಗೆ ಒಂದು ಮನೆಗೆ ಹೋಗಿ ಬರೋಣ. ಆರು ಜೋಡಿಯಾದರೂ ಸಾಕು. ನಾನು ಮತ್ತು ನಮ್ಮ ಮೇಷ್ಟ್ರು ಒಂದು ಜೋಡಿ. ಇನ್ನು ಐದು ಬೇಕು.

ಗಿರಣಿಯ ಹಿರಿಯರು ಈಗಿಲ್ಲ. ಟೈಲರ್ ಇದ್ದಾರೆ, ಕಣ್ಣು ಸರಿಯಾಗಿ ಕಾಣುವುದಿಲ್ಲ. ಹೋದ ತಿಂಗಳು ಈ ಸಮಾರಂಭದ ಬಗ್ಗೆ ಹೇಳಿ ಒಂದು ಚೀಲ ಹೊಲಿದುಕೊಡಿ ಅಂದೆ. ಮೊಮ್ಮಗಳ ಕೈಯಲ್ಲಿ ದಾರ ಪೋಣಿಸಿಕೊಂಡು ಹೊಲಿದರು. ಹಸಿರು ಬಟ್ಟೆ, ಮೇಲೆ ಏನೂ ಬರೆದಿಲ್ಲ, ಹೊಲಿಗೆ ಸ್ವಲ್ಪ ಸೊಟ್ಟಗಿದೆ. ಇದೋ, ನನ್ನ ಕೈಯಲ್ಲಿದೆ. ಈ ಕಡೆಯ ಮೊದಲ ಸಾಲಿನಿಂದ ಶುರು ಮಾಡುತ್ತೇನೆ. ಎಲ್ಲರೂ ಮುಷ್ಟಿ ಮುಚ್ಚಿ ಕೈ ಹಾಕಿ, ಮುಷ್ಟಿ ಮುಚ್ಚಿಕೊಂಡೇ ತೆಗೆಯಿರಿ. ಮಕ್ಕಳೂ ಹಾಕಬಹುದು. ಫೋಟೋದವರು ದಯವಿಟ್ಟು ಹತ್ತು ನಿಮಿಷ ಹೊರಗೆ ಹೋಗಿ ಚಹಾ ಕುಡಿದು ಬರಬೇಕು.